ತಪ್ಪಿಗೂ ಒಂದು ಲೆಕ್ಕವಿದೆ

ಜಗುಲಿ ಪಾಠ ಹೇಳುವವರಿಗೆ, ಕೇಳುವವರಿಗೆ ಒಬ್ಬ ಹಳೆಯ ಗುಮಾಸ್ತನ ನಾಲ್ಕು ಮಾತು

ಸಾಸ್ವೆಹಳ್ಳಿಯ ನಮ್ಮ ಮನೆಯ ಜಗುಲಿಗೆ ಸಂಜೆ ಐದೂವರೆಗೆ ಆರು ಮಕ್ಕಳು ಬರುತ್ತಾರೆ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಡುತ್ತಾರೆ, ಚೀಲ ಗೋಡೆಗೆ ಒರಗಿಸುತ್ತಾರೆ, ಹಂಡೆಯ ನೀರಿನಲ್ಲಿ ಕೈಕಾಲು ತೊಳೆದು ಚಾಪೆಯ ಮೇಲೆ ಕೂರುತ್ತಾರೆ. ಊರಿನವರು ಇದನ್ನು ‘ಅಜ್ಜನ ಟ್ಯೂಷನ್’ ಎನ್ನುತ್ತಾರೆ. ನಾನು ಮೇಷ್ಟ್ರಲ್ಲ. ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದವನು. ಬಿ.ಎಡ್. ಮಾಡಿಲ್ಲ, ಮಕ್ಕಳ ಮನಃಶಾಸ್ತ್ರ ಓದಿಲ್ಲ. ಆದರೂ ಪಾಠ ಹೇಳುವುದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಲೆಡ್ಜರಿನ ಅಭ್ಯಾಸವೇ. ಅದು ಉಪಯೋಗಕ್ಕೆ ಬರುವ ಮೊದಲು ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಎಂಟು ದಿನ ಬಾರದ ಹುಡುಗ

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೇ ತರಗತಿಯ ಒಬ್ಬ ಹುಡುಗನನ್ನು ಅವನ ತಾಯಿ ಕರೆತಂದು ಬಿಟ್ಟಳು. ತಂದೆ ತಾಯಿ ಇಬ್ಬರೂ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವರು. “ಲೆಕ್ಕ ಒಂದು ಬರಲ್ಲ ಅಂತಾನೆ ಕಣಜ್ಜ. ಹತ್ತನೇ ಕ್ಲಾಸಲ್ಲಿ ಹೆಂಗೂ ಫೇಲಾಗ್ತಾನೆ, ಈಗಲೇ ಕೆಲಸಕ್ಕೆ ಹಾಕಣ ಅಂತ ಅವರಪ್ಪ ಕುಂತವ್ರೆ” ಎಂದಳು. ಆ ಮಾತಿನ ತೂಕ ನನಗೆ ಆ ದಿನ ತಿಳಿಯಲಿಲ್ಲ.

ಎರಡನೇ ದಿನ ಅವನಿಗೆ ಒಂದು ಸಣ್ಣ ಕಳೆಯುವ ಲೆಕ್ಕ ಕೊಟ್ಟೆ: 502ರಲ್ಲಿ 178 ಕಳೆದರೆ ಎಷ್ಟು? ಅವನು 476 ಎಂದು ಬರೆದ. ನನಗೆ ಸಿಟ್ಟು ಬಂತು. ಉಳಿದ ಮಕ್ಕಳ ಎದುರಿಗೇ, “ಮೂರನೇ ಕ್ಲಾಸಿನ ಲೆಕ್ಕ ಬರಲ್ವೇನೋ ನಿಂಗೆ? ಎಂಟನೇ ಕ್ಲಾಸಿಗೆ ಹೆಂಗೆ ಬಂದೆ?” ಎಂದುಬಿಟ್ಟೆ. ಮಕ್ಕಳು ನಕ್ಕರು. ಅವನು ತಲೆ ತಗ್ಗಿಸಿ ಪುಸ್ತಕ ಮುಚ್ಚಿದ. ಮಾರನೆಯ ದಿನ ಬರಲಿಲ್ಲ. ಎಂಟು ದಿನ ಬರಲಿಲ್ಲ.

ನಮ್ಮ ಮನೆಯವಳು ಒಂದು ರಾತ್ರಿ ಊಟ ಬಡಿಸುತ್ತಾ ಕೇಳಿದಳು: “ಬ್ಯಾಂಕಲ್ಲಿ ಯಾರಾದ್ರೂ ರೈತರು ಚಲನ್ ತಪ್ಪು ಬರೆದ್ರೆ ನೀವು ಹಿಂಗೇ ಬೈತಿದ್ರಾ?” ಬೈಯುತ್ತಿರಲಿಲ್ಲ. “ಇಲ್ಲಿ ನೋಡಿ ಗೌಡ್ರೇ, ಈ ಜಾಗದಲ್ಲಿ ಅಕ್ಷರದಲ್ಲಿ ಬರೀಬೇಕು” ಎಂದು ಹೇಳಿ ಇನ್ನೊಂದು ಚಲನ್ ಕೊಡುತ್ತಿದ್ದೆ. ದೊಡ್ಡವರಿಗೆ ತೋರಿಸುತ್ತಿದ್ದ ಆ ತಾಳ್ಮೆಯನ್ನು ಹದಿಮೂರು ವರ್ಷದ ಹುಡುಗನಿಗೆ ತೋರಿಸಲಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

540 ರೂಪಾಯಿ ಕಲಿಸಿದ ಪಾಠ

ನಿದ್ದೆ ಬಾರದೆ ಮಲಗಿದ್ದಾಗ ನನ್ನ ನೌಕರಿಯ ಮೊದಲ ವರ್ಷ ನೆನಪಾಯಿತು. ಆಗ ಕಂಪ್ಯೂಟರ್ ಇರಲಿಲ್ಲ. ದಿನದ ಕೊನೆಗೆ ವೋಚರುಗಳ ಮೊತ್ತವೂ ಪುಸ್ತಕದ ಮೊತ್ತವೂ ಸರಿಹೊಂದಬೇಕು. ಅದಕ್ಕೆ ‘ಟ್ಯಾಲಿ’ ಎನ್ನುತ್ತಿದ್ದೆವು. ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಸಂಜೆ 540 ರೂಪಾಯಿ ವ್ಯತ್ಯಾಸ ಬಂತು. ನಾನು ಮೊದಲ ವೋಚರಿನಿಂದ ಎಲ್ಲವನ್ನೂ ಮತ್ತೆ ಕೂಡತೊಡಗಿದೆ. ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು, “ಎಲ್ಲಾ ಯಾಕೆ ಕೂಡ್ತೀಯಪ್ಪಾ? ವ್ಯತ್ಯಾಸವನ್ನೇ ಕೇಳು, ಅದೇ ಹೇಳುತ್ತೆ. ಒಂಬತ್ತರಿಂದ ಭಾಗಿಸು” ಎಂದರು.

540ನ್ನು 9ರಿಂದ ಭಾಗಿಸಿದರೆ 60. ಶೇಷವಿಲ್ಲ. “ಹಾಗಾದ್ರೆ ಯಾವುದೋ ಎರಡು ಅಂಕಿ ಅದಲುಬದಲಾಗಿವೆ. ನೂರರ ಸ್ಥಾನಕ್ಕೂ ಹತ್ತರ ಸ್ಥಾನಕ್ಕೂ 6ರ ಅಂತರ ಇರೋ ಸಂಖ್ಯೆ ಹುಡುಕು” ಎಂದರು. ಐದು ನಿಮಿಷದಲ್ಲಿ ಸಿಕ್ಕಿತು. ವೋಚರಿನಲ್ಲಿ 1,820 ಇದ್ದದ್ದನ್ನು ನಾನು ಪುಸ್ತಕದಲ್ಲಿ 1,280 ಎಂದು ಬರೆದಿದ್ದೆ.

ಮಕ್ಕಳೇ, ಇದು ಮಂತ್ರವಲ್ಲ. 82ನ್ನು ತಿರುಗಿಸಿದರೆ 28. ವ್ಯತ್ಯಾಸ 54, ಅಂದರೆ 9ರ ಆರು ಪಟ್ಟು. 8ಕ್ಕೂ 2ಕ್ಕೂ ಇರುವ ಅಂತರವೂ ಆರೇ. 8 ಹತ್ತರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ಇಳಿದಾಗ 8ರ ಒಂಬತ್ತು ಪಟ್ಟು ಕಳೆಯುತ್ತದೆ. 2 ಮೇಲಕ್ಕೆ ಹತ್ತಿದಾಗ 2ರ ಒಂಬತ್ತು ಪಟ್ಟು ಸೇರುತ್ತದೆ. ಆದ್ದರಿಂದ ಉಳಿಯುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ನೀವೇ ನಾಲ್ಕು ಸಂಖ್ಯೆ ತಿರುಗಿಸಿ ನೋಡಿ. ಹಾಗೆಯೇ ಜಮೆಗೆ ಬರೆಯಬೇಕಾದ ಮೊತ್ತವನ್ನು ಖರ್ಚಿಗೆ ಬರೆದಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. ಆಗ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತವನ್ನು ಹುಡುಕಬೇಕು.

ಅಂದರೆ ತಪ್ಪು ಸುಮ್ಮನೆ ಆಗುವುದಿಲ್ಲ. ಅದಕ್ಕೂ ಒಂದು ಲೆಕ್ಕವಿದೆ, ಒಂದು ದಾರಿ ಇದೆ. ಮಧ್ಯರಾತ್ರಿ ಎದ್ದು ದೀಪ ಹಾಕಿ ಆ ಹುಡುಗನ ಉತ್ತರವನ್ನು ಮತ್ತೆ ನೋಡಿದೆ. 502, 178, ಉತ್ತರ 476. ಬಿಡಿ ಸ್ಥಾನದಲ್ಲಿ 2 ಮತ್ತು 8. ದೊಡ್ಡದರಲ್ಲಿ ಚಿಕ್ಕದು ಕಳೆದು 6 ಬರೆದಿದ್ದಾನೆ. ಹತ್ತರ ಸ್ಥಾನದಲ್ಲಿ 0 ಮತ್ತು 7. ಅಲ್ಲೂ ದೊಡ್ಡದರಲ್ಲಿ ಚಿಕ್ಕದು ಕಳೆದು 7. ನೂರರಲ್ಲಿ 5ರಿಂದ 1 ಹೋಗಿ 4. ಹುಡುಗ ದಡ್ಡನಲ್ಲ! ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ಎಂದೋ ಯಾರೋ ಹೇಳಿದ್ದನ್ನು ಮನೆಯೊಳಗಿನ ಕಾನೂನಿನಂತೆ ಪಾಲಿಸುತ್ತಾ ಬಂದಿದ್ದಾನೆ. ಆ ಒಂದು ಗಂಟು ಬಿಚ್ಚಿದರೆ ಸಾಕು.

ಬೆಳಿಗ್ಗೆ ಅವನ ಮನೆಗೆ ಹೋದೆ. “ನಾನು ಹಾಗೆ ಅನ್ನಬಾರದಾಗಿತ್ತು ಕಣೋ. ನಿನ್ನ ಲೆಕ್ಕದಲ್ಲಿ ಒಂದು ವಿಷಯ ಕಂಡಿದೆ, ತೋರಿಸ್ತೀನಿ ಬಾ” ಎಂದೆ. ಸಂಜೆ ಬಂದ.

ಸಾಲವಲ್ಲ, ಚಿಲ್ಲರೆ

ಅಂದು ಸ್ಲೇಟು ಪುಸ್ತಕ ಏನೂ ತೆಗೆಯಲಿಲ್ಲ. ನೂರರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಅವನ ಕೈಗೆ ಕೊಟ್ಟು, “ನಾನು ಅಂಗಡಿಯವನು. ನನಗೆ 178 ರೂಪಾಯಿ ಕೊಡು” ಎಂದೆ. ಒಂದು ನೂರು ಕೊಟ್ಟ. ಎಪ್ಪತ್ತು ಎಲ್ಲಿಂದ ಕೊಡುವುದು? ಹತ್ತರ ನೋಟೇ ಇಲ್ಲ. ಸ್ವಲ್ಪ ಹೊತ್ತು ನೋಡಿ, “ಚಿಲ್ಲರೆ ಮಾಡಿಸ್ಬೇಕು ಅಜ್ಜ” ಎಂದ. ಒಂದು ನೂರಕ್ಕೆ ಹತ್ತರ ಹತ್ತು ನೋಟು ಕೊಟ್ಟೆ. ಏಳು ಹತ್ತು ಎಣಿಸಿಕೊಟ್ಟ. ಎಂಟು ರೂಪಾಯಿಗೆ ಮತ್ತೆ ಒಂದು ಹತ್ತನ್ನು ಚಿಲ್ಲರೆ ಮಾಡಿಸಿದ. ಕೊನೆಗೆ ಅವನ ಕೈಯಲ್ಲಿ ಮೂರು ನೂರು, ಎರಡು ಹತ್ತು, ನಾಲ್ಕು ನಾಣ್ಯ ಉಳಿದವು. 324. ಅವನು ತನ್ನ ಹಳೆಯ ಉತ್ತರ 476 ನೋಡಿ ತಾನೇ ನಕ್ಕ.

ಕಳೆಯುವ ಲೆಕ್ಕದಲ್ಲಿ ‘ಪಕ್ಕದಿಂದ ಸಾಲ ತಗೋ’ ಎಂದು ನಾವು ಹೇಳಿಕೊಡುತ್ತೇವೆ. ಸಾಲ ಎಂದರೆ ತೀರಿಸಬೇಕಲ್ಲ? ಮಗುವಿಗೆ ಗೊಂದಲವಾಗುವುದು ಸಹಜ. ಇದು ಸಾಲವಲ್ಲ, ಚಿಲ್ಲರೆ. ಇದ್ದ ಹಣ ಅಷ್ಟೇ ಇದೆ, ರೂಪ ಮಾತ್ರ ಬದಲಾಗಿದೆ. ಈ ಒಂದು ಪದ ಬದಲಾಯಿಸಿದ್ದರಿಂದ ನಮ್ಮ ಜಗುಲಿಯಲ್ಲಿ ಎಷ್ಟೋ ಮಕ್ಕಳಿಗೆ ಕಳೆಯುವ ಲೆಕ್ಕ ಬಂದಿದೆ.

ಮೊದಲು ಕೈಗೆ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬುದನ್ನು ಅಂದಿನಿಂದ ನಾನು ಬಿಟ್ಟಿಲ್ಲ. ಹುಣಸೆ ಬೀಜ, ಅಡಿಕೆ, ಮೆಕ್ಕೆಜೋಳದ ಕಾಳು, ನಾಣ್ಯ, ಬೆಂಕಿಕಡ್ಡಿ ಯಾವುದಾದರೂ ಆದೀತು. ಸಾವಿರಾರು ರೂಪಾಯಿಯ ಆಟಿಕೆ ಬೇಕಿಲ್ಲ.

ಮೊದಲ ವಾರ ಪಾಠ ಬೇಡ

ಮನೆಪಾಠ ಹೇಳುವವರಲ್ಲಿ ಈಗ ಮೂರು ಬಗೆಯವರು ಹೆಚ್ಚು: ನನ್ನಂತಹ ನಿವೃತ್ತರು, ಕೆಲಸಕ್ಕಾಗಿ ಕಾಯುತ್ತಿರುವ ಪದವೀಧರರು, ಮನೆಯಲ್ಲಿರುವ ಓದಿದ ಹೆಣ್ಣುಮಕ್ಕಳು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 28ನೇ ವಿಧಿಯಂತೆ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಆದ್ದರಿಂದ ತರಬೇತಿ ಇಲ್ಲದ ನಮ್ಮಂಥವರ ಮೇಲೆಯೇ ಈ ಕೆಲಸ ಬಿದ್ದಿದೆ. ತರಬೇತಿ ಇಲ್ಲದವರಿಗೆ ಒಂದು ಕ್ರಮವಾದರೂ ಬೇಕು.

ಬ್ಯಾಂಕಿನಲ್ಲಿ ಹೊಸ ಲೆಡ್ಜರು ತೆರೆದರೆ ಮೊದಲ ಸಾಲಿನಲ್ಲಿ ಹಿಂದಿನ ಶಿಲ್ಕು ಬರೆಯಬೇಕು. ಹಾಗೆಯೇ ಮಗು ಬಂದ ಮೊದಲ ವಾರ ನಾನು ಹೊಸದೇನೂ ಹೇಳಿಕೊಡುವುದಿಲ್ಲ. ಅದರ ಶಿಲ್ಕು ಎಷ್ಟು ಎಂದು ನೋಡುತ್ತೇನೆ. ಏಳನೇ ತರಗತಿಯ ಮಗುವಿಗೆ ಮೂರನೇ ತರಗತಿಯ ಒಂದು ಪುಟ ಓದಲು ಕೊಡುತ್ತೇನೆ, ನಾಲ್ಕರ ಲೆಕ್ಕ ಕೊಡುತ್ತೇನೆ, ಐದರದು ಕೊಡುತ್ತೇನೆ. ಎಲ್ಲಿ ಕಾಲು ತಡವರಿಸುತ್ತದೋ ಅಲ್ಲಿಂದ ಪಾಠ ಆರಂಭ. ಅದು ಎರಡು ತರಗತಿ ಹಿಂದೆ ಇದ್ದರೂ ನಾಚಿಕೆಯಿಲ್ಲ.

ನಮ್ಮ ಸರ್ಕಾರಿ ಶಾಲೆಗಳ ‘ನಲಿ-ಕಲಿ’ಯ ತಿರುಳೂ ಇದೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಪದ್ಧತಿ ಅದು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಕಲಿಕೆಯ ಏಣಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಒಂದೊಂದು ಮೆಟ್ಟಿಲು ಹತ್ತುತ್ತದೆ. ಮೊಮ್ಮಗು ಒಂದನೇ ತರಗತಿಯಲ್ಲಿ ಕಾರ್ಡು ಹಿಡಿದು ಕೂತದ್ದನ್ನು ಕಂಡು “ಇದೇನು ಆಟ?” ಎಂದು ಮೂಗು ಮುರಿಯುವ ಅಜ್ಜಂದಿರು ಇದನ್ನು ಗಮನಿಸಬೇಕು.

ಒಬ್ಬೊಬ್ಬರಿಗೇ ಕಲಿಸುವುದರ ಬಲವನ್ನು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಒಂದು ಲೇಖನದಲ್ಲಿ ತೋರಿಸಿದರು. ಒಬ್ಬರಿಗೊಬ್ಬರಂತೆ ಪಾಠ ಹೇಳಿಸಿಕೊಂಡ ಸಾಮಾನ್ಯ ವಿದ್ಯಾರ್ಥಿ, ಮಾಮೂಲಿ ತರಗತಿಯ ನೂರರಲ್ಲಿ 98 ಮಂದಿಗಿಂತ ಮುಂದೆ ಹೋದ ಎಂಬುದು ಅವರ ಲೆಕ್ಕ. ಮುಂದಿನ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಅಂತರ ಕಂಡುಬಂದಿಲ್ಲ. ಲಾಭವಿದೆ ಎಂಬುದನ್ನು ಮಾತ್ರ ಅವೂ ಒಪ್ಪುತ್ತವೆ. ಆದರೆ ಬ್ಲೂಮ್ ಹೇಳಿದ ಪಾಠದಲ್ಲಿ ಒಂದು ಷರತ್ತಿತ್ತು. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನದು. ಇಪ್ಪತ್ತೈದು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಗೈಡು ಓದಿಸಿದರೆ ಅದು ಟ್ಯೂಷನ್ ಅಲ್ಲ, ಇನ್ನೊಂದು ಶಾಲೆ ಅಷ್ಟೆ. ನಾನು ಆರಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ.

“ಹೆಂಗೆ ಮಾಡ್ದೆ, ಹೇಳು?”

ಮಗು ಉತ್ತರ ತೋರಿಸಿದ ಕೂಡಲೇ ‘ತಪ್ಪು’ ಅಥವಾ ‘ಸರಿ’ ಎನ್ನಬೇಡಿ. “ಹೆಂಗೆ ಮಾಡ್ದೆ, ಹೇಳು?” ಎಂದು ಕೇಳಿ. ಸರಿ ಉತ್ತರಕ್ಕೂ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳವಾಗಿಬಿಡುತ್ತದೆ. ಹೇಳುತ್ತಾ ಹೇಳುತ್ತಾ ಅರ್ಧದಷ್ಟು ತಪ್ಪುಗಳನ್ನು ಮಕ್ಕಳು ತಾವೇ ಹಿಡಿಯುತ್ತಾರೆ. ಪಕ್ಕದವರ ಪುಸ್ತಕ ನೋಡಿ ಬರೆದದ್ದೂ ಆಗ ಗೊತ್ತಾಗುತ್ತದೆ.

ಲೆಕ್ಕ ಮಾಡುವ ಮೊದಲೇ ಅಂದಾಜು ಕೇಳುವುದು ಎರಡನೆಯ ಅಭ್ಯಾಸ. 502ರಲ್ಲಿ 178 ಎಂದರೆ ಸುಮಾರು 500ರಲ್ಲಿ 180, ಉತ್ತರ 320ರ ಆಸುಪಾಸು ಇರಬೇಕು. ಹೀಗೆ ಅಂದಾಜು ಮಾಡಿಟ್ಟ ಮಗು 476 ಬಂದರೆ ತಾನೇ ಅನುಮಾನಪಡುತ್ತದೆ.

ಭಿನ್ನರಾಶಿಯಲ್ಲೂ ಹಾಗೆಯೇ. ಅರ್ಧಕ್ಕೆ ಕಾಲು ಕೂಡಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/6 ಎಂದು ಬರೆಯುವ ಮಕ್ಕಳು ಬಹಳ. ಇಲ್ಲಿ ಅಜ್ಜ-ಅಜ್ಜಿಯರ ಕೈಯಲ್ಲಿ ಒಂದು ಆಸ್ತಿ ಇದೆ. ಹದಿನಾರಾಣೆಗೆ ಒಂದು ರೂಪಾಯಿ. ದಶಮಾಂಶ ನಾಣ್ಯ 1957ರ ಏಪ್ರಿಲ್ 1ರಂದು ಬಂದರೂ ನಮ್ಮ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಬಹಳ ಕಾಲ ಉಳಿಯಿತು. ಎಂಟಾಣೆಗೆ ನಾಲ್ಕಾಣೆ ಸೇರಿದರೆ ಹನ್ನೆರಡಾಣೆ, ಅಂದರೆ ಮುಕ್ಕಾಲು. ಮಗು ಬರೆದ 2/6 ಅಂದರೆ ಮೂರರಲ್ಲಿ ಒಂದು ಪಾಲು, ಅರ್ಧಕ್ಕಿಂತ ಕಡಿಮೆ. “ಎಂಟಾಣೆ ಇದ್ದವನಿಗೆ ಇನ್ನೂ ನಾಲ್ಕಾಣೆ ಕೊಟ್ಟೆ, ಅವನ ದುಡ್ಡು ಕಡಿಮೆ ಆಯ್ತೇನೋ?” ಎಂದರೆ ಸಾಕು, ಮಗು ತಾನೇ ಅಳಿಸುತ್ತದೆ. ನಾವು ಸಣ್ಣವರಿದ್ದಾಗ ಬಾಯಿಪಾಠ ಮಾಡಿದ ಕಾಲು, ಅರೆ, ಮುಕ್ಕಾಲು ಮಗ್ಗಿ ನೆನಪಿರುವ ಅಜ್ಜಿಯರು ಅದನ್ನು ಮೊಮ್ಮಕ್ಕಳಿಗೆ ಒಮ್ಮೆ ಹೇಳಿ ತೋರಿಸಲಿ. 25 ಪೈಸೆಯ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ನಾಣ್ಯ ಹೋದರೂ ‘ಕಾಲು’ ಎಂಬ ತಿಳಿವಳಿಕೆ ಹೋಗಬಾರದು.

ತಪ್ಪಿನ ಖಾತೆ

ನಮ್ಮ ಜಗುಲಿಯಲ್ಲಿ ಪ್ರತಿ ಮಗುವಿಗೂ ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದರ ಹೆಸರು ‘ತಪ್ಪಿನ ಖಾತೆ’. ನಾಲ್ಕು ಅಂಕಣ: ದಿನಾಂಕ, ಯಾವ ಲೆಕ್ಕ ಅಥವಾ ಪದ, ಎಲ್ಲಿ ಎಡವಿದೆ, ಯಾವಾಗ ತೀರಿತು. ಬರೆಯುವುದು ಮಗುವೇ, ನಾನಲ್ಲ. ಅದೇ ಬಗೆಯ ಲೆಕ್ಕವನ್ನು ಮೂರು ಬೇರೆ ಬೇರೆ ದಿನ ಸರಿಯಾಗಿ ಮಾಡಿದರೆ ಕೊನೆಯ ಅಂಕಣದಲ್ಲಿ ‘ತೀರಿತು’ ಎಂದು ಬರೆದು ನಾನು ಸಹಿ ಹಾಕುತ್ತೇನೆ. ಬ್ಯಾಂಕಿನ ಸಹಿಯನ್ನೇ ಹಾಕುತ್ತೇನೆ. ಮಕ್ಕಳಿಗೆ ಅದೊಂದು ಹೆಮ್ಮೆ. ಖಾತೆಯಲ್ಲಿ ತಪ್ಪು ಹೆಚ್ಚಿದ್ದವರು ದಡ್ಡರಲ್ಲ, ಹೆಚ್ಚು ತೀರಿಸಿದವರು ಜಾಣರು. ಈ ಒಂದು ಮಾತಿನಿಂದ ತಪ್ಪು ಮುಚ್ಚಿಡುವ ಚಾಳಿ ಹೋಯಿತು.

ಮೂರು ಬೇರೆ ದಿನ ಏಕೆ? ಮರೆವಿಗೂ ಒಂದು ಲೆಕ್ಕವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ದಿನದೊಳಗೇ ಬಹುಪಾಲು ಜಾರಿಹೋಗುತ್ತದೆ. ಆಮೇಲೆ ಜಾರುವುದು ನಿಧಾನ. ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಉಳಿಯುತ್ತದೆ. ಆದ್ದರಿಂದ ಇಂದು ಕಲಿತದ್ದನ್ನು ನಾಳೆ ಐದು ನಿಮಿಷ, ವಾರ ಬಿಟ್ಟು ಐದು ನಿಮಿಷ, ತಿಂಗಳು ಬಿಟ್ಟು ಐದು ನಿಮಿಷ ಕೇಳಬೇಕು. ಪುಸ್ತಕ ತೆರೆದು ಮತ್ತೆ ಓದಿಸುವುದಕ್ಕಿಂತ ಪುಸ್ತಕ ಮುಚ್ಚಿ ಕೇಳುವುದು ಮೇಲು.

ನಮ್ಮ ನಾಡಿನವರಿಗೆ ಇದನ್ನು ತಿಳಿಸಲು ಪಿಗ್ಮಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದರು. ದಿನಕ್ಕೆ ಎರಡಾಣೆ. ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎಷ್ಟೋ ಬಡವರ ಮನೆಯ ಮದುವೆ, ಓದು ಆ ಎರಡಾಣೆಗಳಲ್ಲಿ ನಡೆದಿವೆ. ಓದೂ ಪಿಗ್ಮಿಯೇ. ದಿನಕ್ಕೆ ಇಪ್ಪತ್ತು ನಿಮಿಷ ಕಟ್ಟಿದವನಿಗೆ ಮಾರ್ಚಿ ತಿಂಗಳಲ್ಲಿ ಭಯವಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಇಡಿಗಂಟು ಕಟ್ಟುತ್ತೇನೆ ಎಂದರೆ ಯಾರ ಕೈಯಲ್ಲಿದೆ ಇಡಿಗಂಟು?

ಬಸ್ಸಿನ ಬೋರ್ಡೇ ಪಾಠ

ಲೆಕ್ಕ ಬಾರದು ಎನ್ನುವ ಎಷ್ಟೋ ಮಕ್ಕಳಿಗೆ ನಿಜವಾಗಿ ಬಾರದಿರುವುದು ಓದು. ಪ್ರಶ್ನೆಯೇ ಅರ್ಥವಾಗದಿದ್ದರೆ ಉತ್ತರ ಎಲ್ಲಿಂದ ಬರಬೇಕು? ಕನ್ನಡದಲ್ಲಿ ಕಾಗುಣಿತದವರೆಗೆ ಮಕ್ಕಳು ಸಲೀಸಾಗಿ ಬರುತ್ತಾರೆ, ಒತ್ತಕ್ಷರದಲ್ಲಿ ಎಡವುತ್ತಾರೆ.

ಅದಕ್ಕೆ ನಾನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಊರಿನ ಹೆಸರನ್ನೇ ನೋಡಿ: ಸಾಸ್ವೆಹಳ್ಳಿ. ‘ಸ್ವೆ’ಯಲ್ಲಿ ‘ಸ’ಕ್ಕೆ ಬೇರೆ ಅಕ್ಷರದ ಒತ್ತು, ವಿಜಾತೀಯ. ‘ಳ್ಳಿ’ಯಲ್ಲಿ ‘ಳ’ಕ್ಕೆ ‘ಳ’ದ್ದೇ ಒತ್ತು, ಸಜಾತೀಯ. ಎರಡೂ ಬಗೆ ಒಂದೇ ಬೋರ್ಡಿನಲ್ಲಿ! ಹೊನ್ನಾಳಿಯಲ್ಲೂ ಚನ್ನಗಿರಿಯಲ್ಲೂ ಸಜಾತೀಯ ‘ನ್ನ’. ನ್ಯಾಮತಿಯಲ್ಲಿ ವಿಜಾತೀಯ ‘ನ್ಯ’. ಜಗಳೂರಿನಲ್ಲಿ ಒತ್ತೇ ಇಲ್ಲ, ಸಲೀಸು. ಚಿತ್ರದುರ್ಗದ ಬಸ್ಸು ಬಂದರೆ ಅರ್ಕಾವತ್ತಿನ ಪಾಠ. ‘ರ್’ ಮೊದಲು ನುಡಿಯುತ್ತೇವೆ, ಆದರೆ ಅದರ ಗುರುತನ್ನು ‘ಗ’ ಆದ ಮೇಲೆ ಬರೆಯುತ್ತೇವೆ. ಬಹಳ ಮಕ್ಕಳು ‘ದುಗ್ರ’ ಎಂದು ಓದುವುದು ಇದರಿಂದಲೇ. ಅದು ದಡ್ಡತನವಲ್ಲ, ಕಣ್ಣು ಕಂಡ ಕ್ರಮದಲ್ಲೇ ನಾಲಿಗೆ ಓದಿದೆ. ಕಾರಣ ಹೇಳಿದರೆ ಒಂದೇ ಸಂಜೆಗೆ ಸರಿಹೋಗುತ್ತದೆ.

ದೊಡ್ಡ ಹುಡುಗ ಚಿಕ್ಕವನಿಗೆ ಮೇಷ್ಟ್ರು

ನಮ್ಮ ಹಿರಿಯರು ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದವರು. ಇಂಥದೇ ದೃಶ್ಯವನ್ನು ಮದರಾಸಿನಲ್ಲಿ ಕಂಡು ಬೆರಗಾದವನು ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್. 1789ರಿಂದ ಎಗ್ಮೋರಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಅವನು, ಮರಳಿನಲ್ಲಿ ಬರೆಯುವ ಕ್ರಮವನ್ನು ತನ್ನ ಶಾಲೆಗೂ ತಂದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. ಊರಿಗೆ ಮರಳಿ 1797ರಲ್ಲಿ ಅದನ್ನು ಪುಸ್ತಕವಾಗಿ ಬರೆದ. ಇಂಗ್ಲೆಂಡಿನ ಎಷ್ಟೋ ಶಾಲೆಗಳಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು.

ಹೇಳಿಕೊಡುವವನೇ ಹೆಚ್ಚು ಕಲಿಯುತ್ತಾನೆ ಎಂಬುದು ನನ್ನ ಜಗುಲಿಯ ಅನುಭವ. ವಾರಕ್ಕೆ ಒಂದು ದಿನ ಎಂಟನೇ ತರಗತಿಯವನು ಐದರವನಿಗೆ ಮೇಷ್ಟ್ರು. ನಾನು ತುಟಿ ಬಿಚ್ಚುವುದಿಲ್ಲ.

ಇಲ್ಲಿ ಓದು ಬಾರದ ಅಜ್ಜಿಯರಿಗೂ ಕೆಲಸವಿದೆ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಅಕ್ಷರ ಬಾರದು. ದಿನವೂ ರಾತ್ರಿ ಮೊಮ್ಮಗಳನ್ನು ಕೂರಿಸಿಕೊಂಡು “ಇವತ್ತು ಸ್ಕೂಲಲ್ಲಿ ಏನು ಹೇಳಿಕೊಟ್ರವ್ವಾ, ನಂಗೂ ಹೇಳು” ಎನ್ನುತ್ತಾರೆ. ಅರ್ಥವಾಗದಿದ್ದರೆ “ಇನ್ನೊಂದು ಸಲ ಹೇಳು, ತಿಳೀಲಿಲ್ಲ” ಎನ್ನುತ್ತಾರೆ. ಅಜ್ಜಿಗೆ ತಿಳಿಯುವಂತೆ ಹೇಳಬೇಕಾದರೆ ಆ ಹುಡುಗಿ ಎಷ್ಟು ಚೆನ್ನಾಗಿ ತಿಳಿದಿರಬೇಕು! ದುಡ್ಡು ಕೊಟ್ಟರೂ ಸಿಗದ ಟ್ಯೂಷನ್ ಅದು.

ಮಾಡಬಾರದವು

ಹೊಡೆಯಬಾರದು, ಹಂಗಿಸಬಾರದು. ಶಾಲೆಯಲ್ಲಿ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ನಿಷೇಧಿಸಿದೆ. ಜಗುಲಿಯಲ್ಲೂ ಅದೇ ನಿಯಮ ಇರಲಿ. ಹೊಡೆತದ ನೋವು ಸಂಜೆಗೆ ಹೋಗುತ್ತದೆ, ಹಂಗಿಸಿದ್ದು ಹೋಗುವುದಿಲ್ಲ ಎಂದು ನಾನು ಕಲಿತದ್ದು ಆ ಎಂಟು ದಿನಗಳಲ್ಲಿ.

ಹೋಂವರ್ಕನ್ನು ನೀವೇ ಮಾಡಿಕೊಡಬಾರದು. ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಿ, ಎರಡನೆಯದನ್ನು ಅರ್ಧ ಮಾಡಿ ಕೊಡಿ, ಮೂರನೆಯದನ್ನು ಮಗುವೇ ಮಾಡಲಿ. ಶಾಲೆಯಲ್ಲಿ ಒಂದು ರೀತಿ ಹೇಳಿಕೊಟ್ಟಿದ್ದರೆ “ಅದೆಲ್ಲಾ ಸರಿಯಲ್ಲ, ನಮ್ಮ ಕಾಲದ್ದೇ ಸರಿ” ಎಂದು ಮಗುವನ್ನು ಇಬ್ಬರ ನಡುವೆ ಸಿಕ್ಕಿಸಬೇಡಿ. ಶಾಲೆಯ ಟೀಚರನ್ನು ಮಗುವಿನ ಎದುರು ಹಳಿಯಬೇಡಿ. ‘ಜಾಣ’ ಎಂದು ಸುಮ್ಮನೆ ಹೊಗಳುವ ಬದಲು “ಇವತ್ತು ಚಿಲ್ಲರೆ ಮಾಡಿಸೋದನ್ನ ಮರೀಲಿಲ್ಲ ನೋಡು” ಎಂದು ಮಾಡಿದ ಕೆಲಸವನ್ನು ಹೆಸರಿಸಿ ಹೊಗಳಿ.

ಫೀಸಿನ ಮಾತನ್ನು ಮೊದಲ ದಿನವೇ ತಂದೆ ತಾಯಿಯರ ಜೊತೆ ಆಡಿ ಮುಗಿಸಿ. ಬಾಕಿ ಉಳಿದಿದೆ ಎಂದು ಮಗುವಿನ ಕೈಯಲ್ಲಿ ಹೇಳಿ ಕಳುಹಿಸುವುದು ಸಲ್ಲದು. ಸಾಲದ ನೋಟಿಸು ಹೊರುವ ವಯಸ್ಸಲ್ಲ ಅದು.

ನಮ್ಮ ನೆಲದ ಲೆಕ್ಕ

ಮಕ್ಕಳೇ, ಲೆಕ್ಕ ಎಂದರೆ ಬೇರೆ ಊರಿನಿಂದ ಬಂದ ಕಷ್ಟ ಎಂದು ತಿಳಿಯಬೇಡಿ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ನಮ್ಮ ನಾಡಿನ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಮಾವಿನ ಹಣ್ಣು, ದುಂಬಿ, ಆನೆಗಳ ಹಿಂಡಿನ ಲೆಕ್ಕಗಳಿವೆ. ನಮ್ಮ ಬ್ಯಾಂಕಿನವರಿಗೆ ಪ್ರಿಯವಾದ ಬಡ್ಡಿಯ ಲೆಕ್ಕಗಳೂ ಇವೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ವ್ಯವಹಾರ ಎಂಬ ಹೆಸರೇ ಸಾಕು. ಕೊಡು-ಕೊಳ್ಳುವ ಬದುಕಿನಿಂದ ಹುಟ್ಟಿದ ಗಣಿತ ಅದು. ನಿಮ್ಮ ಮನೆಯ ಹಾಲಿನ ಲೆಕ್ಕ, ಮೆಕ್ಕೆಜೋಳದ ತೂಕದ ಚೀಟಿ, ಭದ್ರಾ ನಾಲೆಯ ನೀರು ಬಿಡುವ ದಿನಗಳ ಲೆಕ್ಕ ಎಲ್ಲವೂ ಅದೇ ವಂಶದವು.

ಶಿಲ್ಕು

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನ ತಪ್ಪಿನ ಖಾತೆ ಎರಡು ಪುಸ್ತಕ ಆಯಿತು. ಪವಾಡವೇನೂ ನಡೆಯಲಿಲ್ಲ. ಒಂಬತ್ತನೇ ತರಗತಿಯ ಅರ್ಧವಾರ್ಷಿಕದಲ್ಲೂ ಕಡಿಮೆಯೇ ಬಂತು. ಅವನ ತಂದೆ ಮತ್ತೆ ಕೆಲಸದ ಮಾತೆತ್ತಿದರು. ನಾನು ಖಾತೆಯ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋಗಿ ಕೊನೆಯ ಅಂಕಣ ತೋರಿಸಿದೆ. “ಇಷ್ಟು ಸಾಲು ತೀರಿಸಿದ್ದಾನೆ ನೋಡಪ್ಪಾ. ಇನ್ನು ಇಷ್ಟೇ ಬಾಕಿ. ಬ್ಯಾಂಕು ಕೂಡ ಇಂಥವರಿಗೆ ಇನ್ನೊಂದು ವರ್ಷ ಅವಧಿ ಕೊಡುತ್ತೆ” ಎಂದೆ. ಅವರು ಪುಟಗಳನ್ನು ನಿಧಾನವಾಗಿ ತಿರುವಿದರು. ಓದಲು ಬಾರದು, ಆದರೆ ಪ್ರತಿ ಸಾಲಿನ ಕೊನೆಗಿದ್ದ ಸಹಿಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಗಣಿತದಲ್ಲಿ ನೂರಕ್ಕೆ 52 ಬಂತು. ಪತ್ರಿಕೆಯಲ್ಲಿ ಫೋಟೊ ಬರುವ ಅಂಕವಲ್ಲ. ಈಗ ಹೊನ್ನಾಳಿಗೆ ಹೋಗಿ ಪಿಯುಸಿ ಓದುತ್ತಿದ್ದಾನೆ, ವಾಣಿಜ್ಯ ವಿಭಾಗ.

ಮೊನ್ನೆ ಭಾನುವಾರ ನಾನು ಮನೆಖರ್ಚಿನ ಪುಸ್ತಕ ಕೂಡುತ್ತಾ ಕೂತಿದ್ದೆ. 180 ರೂಪಾಯಿ ಹೊಂದುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ಕೂಡತೊಡಗಿದೆ. ಜಗುಲಿಯಲ್ಲಿ ಕೂತಿದ್ದ ಅವನು ಬಗ್ಗಿ ನೋಡಿ, “ಅಜ್ಜಾ, ಎಲ್ಲಾ ಯಾಕೆ ಕೂಡ್ತೀರಾ? ನೂರಾ ಎಂಬತ್ತು ಒಂಬತ್ತರಿಂದ ಹೋಗುತ್ತೆ” ಎಂದ. ಹಾಲಿನ ಬಾಬ್ತು 1,530ನ್ನು ನಾನೇ 1,350 ಎಂದು ಬರೆದಿದ್ದೆ.

ಅವನು ನನ್ನನ್ನು ಹಂಗಿಸಲಿಲ್ಲ. ಬೆರಳಿಟ್ಟು ತೋರಿಸಿದ, ಅಷ್ಟೆ. ನಾನು ತಿದ್ದಿ, ಪಕ್ಕದಲ್ಲಿ ಸಹಿ ಹಾಕಲು ಪೆನ್ನನ್ನು ಅವನ ಕೈಗೆ ಕೊಟ್ಟೆ.

ಮಕ್ಕಳಿಗೆ ಮೂರು ಲೆಕ್ಕ
(ಅಜ್ಜ-ಅಜ್ಜಿಯರೂ ಮಾಡಬಹುದು)

1. ಮಹಾವೀರಾಚಾರ್ಯನಿಗೆ ಹಾರದಂತೆ ಎರಡು ಕಡೆಯಿಂದಲೂ ಒಂದೇ ತೆರನಾಗಿ ಕಾಣುವ ಗುಣಲಬ್ಧಗಳೆಂದರೆ ಇಷ್ಟ. 139ನ್ನು 109ರಿಂದ ಗುಣಿಸಿ ನೋಡಿ. ಏನು ಬಂತು?

2. ಅಂಗಡಿಯ ಲೆಕ್ಕದಲ್ಲಿ 63 ರೂಪಾಯಿ ವ್ಯತ್ಯಾಸ. ಎರಡಂಕಿಯ ಒಂದು ಸಂಖ್ಯೆಯನ್ನು ತಿರುಗಿಸಿ ಬರೆದದ್ದೇ ಕಾರಣ. ಸೊನ್ನೆ ಇಲ್ಲ. ಆ ಸಂಖ್ಯೆ ಯಾವುದಿರಬಹುದು? ಎರಡು ಜೋಡಿ ಇವೆ.

3. ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಚಿತ್ರದುರ್ಗ: ಯಾವುದರಲ್ಲಿ ಸಜಾತೀಯ ಒತ್ತು ಇದೆ? ಯಾವುದರಲ್ಲಿ ಒತ್ತಕ್ಷರವೇ ಇಲ್ಲ?

ಉತ್ತರ: 1. 15151. 2. 81 ಮತ್ತು 18, 92 ಮತ್ತು 29. 3. ಸಜಾತೀಯ ಒತ್ತು ಶಿವಮೊಗ್ಗದಲ್ಲಿ, ಒತ್ತಿಲ್ಲದ್ದು ದಾವಣಗೆರೆ.